ನೆಟ್ ನಿಂತಿಲ್ಲ, ನಲ್ಲಿ ತಿರುಗಿದೆ ಅಷ್ಟೇ

ಇವತ್ತಿನ ಡೇಟಾ ಮುಗೀತು ಅಂತ ಮೆಸೇಜ್ ಬಂತು. ನೆಟ್ ಆಮೆ ನಡಿಗೆಗೆ ಇಳೀತು. ಆದರೆ ಒಂದು ಗಮನಿಸಿದ್ರಾ? ಕನೆಕ್ಷನ್ ಕಟ್ ಆಗಲೇ ಇಲ್ಲ! ಫೋನಿನ ಐಪಿ ವಿಳಾಸ ಕೂಡ ಅದೇ.

4ಜಿಯಲ್ಲಿ ನಿಮ್ಮ ಫೋನಿನಿಂದ ಕಂಪನಿಯ ಗೇಟ್‌ವೇ ತನಕ ಕಣ್ಣಿಗೆ ಕಾಣದ ಒಂದು ಕೊಳವೆ ಇರುತ್ತೆ. ಹೆಸರು ಬೇರರ್. ಎಷ್ಟು ವೇಗ, ಎಷ್ಟು ಆದ್ಯತೆ, ಎಲ್ಲಾ ಅದಕ್ಕೆ ಅಂಟಿಕೊಂಡೇ ಇರುತ್ತೆ. ಕೋಟಾ ಮುಗಿದ ತಕ್ಷಣ ಪಿಸಿಆರ್‌ಎಫ್ ಅನ್ನೋ ಸರ್ವರ್ (ನೆಟ್‌ವರ್ಕಿನ ಕಟ್ಟುನಿಟ್ಟಿನ ಯಜಮಾನ ಅನ್ನಿ) ಗೇಟ್‌ವೇಗೆ ಹೊಸ ನಿಯಮ ಕಳಿಸುತ್ತೆ: ಇನ್ನು ಇವರಿಗೆ 64 ಕೆಬಿಪಿಎಸ್ ಸಾಕು. ಗೇಟ್‌ವೇ ನಲ್ಲಿ ಬಿಗಿ ಮಾಡುತ್ತೆ. ಬೇರರ್‌ನ ಮಿತಿಯನ್ನೇ ತಿದ್ದಿದರೆ ಫೋನಿಗೂ ಒಂದು ಮಾಡಿಫೈ ಸಂದೇಶ ಬರುತ್ತೆ. ಫೋನ್ ನಿಮ್ಮನ್ನೇನೂ ಕೇಳಲ್ಲ, ತಾನೇ 'ಆಯ್ತು' ಅಂದುಬಿಡುತ್ತೆ!

ಟಾಪ್‌ಅಪ್ ಹಾಕಿದ್ರೋ, ಕೊಳವೆ ಅದೇ, ನಲ್ಲಿ ಮತ್ತೆ ಸಡಿಲ. 5ಜಿಯಲ್ಲೂ ಹೀಗೇ, ಅಲ್ಲಿ ತಿದ್ದೋದು ಪಿಡಿಯು ಸೆಷನ್ ಅನ್ನು.

ವೋಲ್ಟಿ ಕರೆಯ ಕಥೆ ಮಾತ್ರ ಬೇರೆ. ಮಾತಿಗಂತಲೇ ಪಕ್ಕದಲ್ಲಿ ಇನ್ನೊಂದು ಕೊಳವೆ ಹಾಕ್ತಾರೆ. ಅದರ ದರ್ಜೆ 1, ಮಾಮೂಲಿ ಇಂಟರ್ನೆಟ್‌ಗೆ ಸಾಮಾನ್ಯವಾಗಿ 9. ನೆಟ್ ತೆವಳ್ತಿದ್ರೂ ಅಮ್ಮನ ದನಿ ಸ್ಪಷ್ಟವಾಗಿ ಕೇಳೋದು ಅದಕ್ಕೇ.