ನೆರೆ ಬಂದಾಗ ಜಕಾತ್ ಹಣ ಯಾರ ಕೈಗೆ?

2019ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದಿಂದ ಎರಡು ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಬಿಟ್ಟಾಗ ನದಿ ನಡುವಿನ ವಿರೂಪಾಪುರಗಡ್ಡೆಯಲ್ಲಿ ನೂರಾರು ಪ್ರವಾಸಿಗರು ಸಿಕ್ಕಿಬಿದ್ದರು. ದೋಣಿ, ಹೆಲಿಕಾಪ್ಟರ್‌ಗಳಲ್ಲಿ ಅವರನ್ನು ಕರೆತರಬೇಕಾಯಿತು. ಮರುವರ್ಷ ಸುಪ್ರೀಂ ಕೋರ್ಟ್ ತೀರ್ಪಿನ ಬೆನ್ನಿಗೇ ಅಲ್ಲಿನ ರೆಸಾರ್ಟ್‌ಗಳು ನೆಲಸಮವಾದವು. ಅವನ್ನೇ ನಂಬಿದ್ದವರ ದುಡಿಮೆ ಹೋಯಿತು. ಇಂಥ ಕಡೆ ಗಂಗಾವತಿಯದೋ ಬೆಂಗಳೂರಿನದೋ ಮುಸ್ಲಿಂ ಸೇವಾ ಸಂಸ್ಥೆಯೊಂದು ನೆರವಿಗೆ ಇಳಿದರೆ, ಯಾವ ಹಣವನ್ನು ಯಾರಿಗೆ ಕೊಡಬಹುದು?

ಸಂಸ್ಥೆಗೆ ಬಂದ ದುಡ್ಡೆಲ್ಲ ಒಂದೇ ಅಲ್ಲ. ಜಕಾತ್ ಇಸ್ಲಾಮಿನಲ್ಲಿ ಕಡ್ಡಾಯ ದಾನ. 52.5 ತೊಲ, ಅಂದರೆ 612.36 ಗ್ರಾಂ ಬೆಳ್ಳಿಯ ಬೆಲೆಯಷ್ಟು ಉಳಿತಾಯ ಒಂದು ಚಾಂದ್ರಮಾನ ವರ್ಷ ಕೈಯಲ್ಲಿದ್ದರೆ ಶೇ 2.5ರಷ್ಟು ಕೊಡಬೇಕು. ಪಡೆಯಲು ಅರ್ಹರಾದ ಎಂಟು ವರ್ಗಗಳನ್ನು ಕುರ್‌ಆನ್‌ನ 9ನೇ ಅಧ್ಯಾಯ ಹೆಸರಿಸುತ್ತದೆ. ಬಡವರಷ್ಟೇ ಅಲ್ಲ, ಸಾಲದಲ್ಲಿ ಮುಳುಗಿದವರೂ ದಾರಿಯಲ್ಲಿ ಸಿಕ್ಕಿಬಿದ್ದವರೂ ಅದರಲ್ಲಿದ್ದಾರೆ. ಕಂತು ಕಟ್ಟಲಾಗದ ಆಟೊದವ, ಊರಲ್ಲಿ ಆಸ್ತಿಯಿದ್ದೂ ಗಡ್ಡೆಯಲ್ಲಿ ಬರಿಗೈಯಾದ ಪ್ರವಾಸಿ, ಇಬ್ಬರಿಗೂ ಹಳೆಯ ನಿಯಮದಲ್ಲೇ ಜಾಗವಿದೆ.

ತೊಡಕು ಬೇರೆ ಕಡೆ ಇದೆ. ಜಕಾತ್ ಮುಸ್ಲಿಮರಿಗೆ ಮಾತ್ರ ಎನ್ನುವುದು ಸಾಂಪ್ರದಾಯಿಕ ವಿದ್ವಾಂಸರಲ್ಲಿ ಬಹುಪಾಲು ಜನರ ಅಭಿಪ್ರಾಯ. ಧರ್ಮ ನೋಡದೆ ನೆರವು ನೀಡಬೇಕೆನ್ನುವುದು ರೆಡ್‌ಕ್ರಾಸ್ ಮತ್ತು ಸ್ವಯಂಸೇವಾ ಸಂಸ್ಥೆಗಳ 1994ರ ನೀತಿಸಂಹಿತೆ. ಸದಖಾಕ್ಕೆ, ಅಂದರೆ ಐಚ್ಛಿಕ ದಾನಕ್ಕೆ, ಆ ಗೆರೆಯಿಲ್ಲ. ಹಾಗಾಗಿ ಎರಡಕ್ಕೂ ಬೇರೆ ಖಾತೆ, ಬೇರೆ ರಸೀದಿ. ಧರ್ಮ ನೋಡದ ಸೇವೆ ಹೊಸದೇನಲ್ಲ: 2020ರ ಕೋವಿಡ್ ಕಾಲದಲ್ಲಿ ಬೆಂಗಳೂರಿನ ಮರ್ಸಿ ಮಿಷನ್ ಒಕ್ಕೂಟದ ಸ್ವಯಂಸೇವಕರು ಎಲ್ಲ ಧರ್ಮದವರ ಶವಸಂಸ್ಕಾರಕ್ಕೂ ನಿಂತಿದ್ದರು.

ಇನ್ನೊಂದು ಸೂಕ್ಷ್ಮವಿದೆ. ನಮ್ಮ ಭಾಗದಲ್ಲಿ ಹೆಚ್ಚಾಗಿ ನಡೆಯುವ ಹನಫಿ ಪದ್ಧತಿಯಂತೆ ಜಕಾತ್ ಪಡೆದವರು ಅದರ ಮಾಲೀಕರಾಗಬೇಕು. ಇದಕ್ಕೆ ತಮ್ಲೀಕ್ ಎನ್ನುತ್ತಾರೆ. ಗಂಜಿ ಕೇಂದ್ರದಲ್ಲಿ ಪಂಕ್ತಿ ಹಾಕಿ ಬಡಿಸಿದರೆ ಜಕಾತ್ ಸಲ್ಲುವುದಿಲ್ಲ. ಅದೇ ಅಕ್ಕಿ, ಬೇಳೆ, ಎಣ್ಣೆಯನ್ನು ಚೀಲ ಕಟ್ಟಿ ಕೈಗಿತ್ತರೆ ಸಲ್ಲುತ್ತದೆ. ಬೋರ್‌ವೆಲ್, ಸೇತುವೆಗೂ ಆ ಹಣ ಬಾರದು. ವಿಚಿತ್ರವೆಂದರೆ, ಸಾಮಾನಿಗಿಂತ ನಗದು ಕೊಡುವುದೇ ಮೇಲು ಎಂದು ಜಗತ್ತಿನ ದೊಡ್ಡ ಸಂಸ್ಥೆಗಳು ಈಗ ಹೇಳತೊಡಗಿವೆ. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ 2019ರಲ್ಲಿ ಜಕಾತ್ ನಿಧಿಯನ್ನೇ ತೆರೆಯಿತು. ವಿದ್ವಾಂಸರಿಂದ ಫತ್ವಾ ಪಡೆದು, ಆಡಳಿತ ಖರ್ಚು ಮುಟ್ಟಿಸದೆ, ಪೂರ್ತಿ ಹಣವನ್ನು ಕುಟುಂಬಗಳಿಗೆ ತಲುಪಿಸುವುದು ಅದರ ನಿಯಮ. ಹಳೆಯ ಷರತ್ತು ಹೊಸ ಪದ್ಧತಿಗೆ ಅಡ್ಡಬರಲಿಲ್ಲ, ಹೊಂದಿಕೊಂಡಿತು.

ಲೆಕ್ಕ ಬರೆಯುವವರ ಪಾಡು ಮಾತ್ರ ಕಷ್ಟ. ಆಡಿಟ್ ವರ್ಷ ಮಾರ್ಚ್‌ಗೆ ಮುಗಿಯುತ್ತದೆ. ರಂಜಾನ್ ವರ್ಷವರ್ಷವೂ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. ಜಕಾತ್ ಹೆಚ್ಚಾಗಿ ಬರುವುದು ರಂಜಾನ್‌ನಲ್ಲಿ, ಹೊಳೆ ಬರುವುದು ಆಗಸ್ಟ್‌ನಲ್ಲಿ. ಜಕಾತನ್ನು ಬೇಗ ಹಂಚಬೇಕಾದ್ದರಿಂದ ನೆರೆಗೆಂದು ಕೂಡಿಡಲು ಸದಖಾವೇ ಅನುಕೂಲ.

ಹೊರದೇಶದ ಹಣಕ್ಕೆ ಕಟ್ಟು ಹೆಚ್ಚು. ಭಾರತದ ಪಾಸ್‌ಪೋರ್ಟ್ ಇರುವ ಗಲ್ಫ್ ಉದ್ಯೋಗಿ ತನ್ನ ಉಳಿತಾಯವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆಯಲ್ಲ. ವಿದೇಶಿ ಪ್ರಜೆ ಅಥವಾ ಸಂಸ್ಥೆ ಕೊಟ್ಟರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ಅನುಮತಿ ಬೇಕು. 2020ರ ತಿದ್ದುಪಡಿಯ ನಂತರ ಆ ಹಣ ಮೊದಲು ಬರಬೇಕಾದ್ದು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೆ. ಆಡಳಿತ ಖರ್ಚು ಶೇ 20 ಮೀರುವಂತಿಲ್ಲ. ಬೇರೆ ಸಂಸ್ಥೆಗೆ ದಾಟಿಸುವಂತೆಯೂ ಇಲ್ಲ.

ಮುಂದಿನ ರಂಜಾನ್‌ಗೆ ಹಣ ಕೊಡುವವರು ರಸೀದಿಯಲ್ಲಿ ಜಕಾತ್ ಎಂದಿದೆಯೋ ಸದಖಾ ಎಂದಿದೆಯೋ ಓದಿ. ಬರೀ ‘ದೇಣಿಗೆ’ ಎಂದಿದ್ದರೆ ಅಲ್ಲೇ ತಿದ್ದಿಸಿಕೊಳ್ಳಿ.