ಬೆಳಕು ಬಿಟ್ಟರೆ ಬೆಸೆಯುತ್ತದೆಯೇ ಬೀಜ?

ಪಾವಗಡದ ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ ಹರಡಿರುವ 2,050 ಮೆಗಾವಾಟ್‌ನ ಸೌರ ಪಾರ್ಕಿಗೆ ಬೀಳುವ ಬೆಳಕು ಸೂರ್ಯನೊಳಗೆ ಹೈಡ್ರೋಜನ್ ಪರಮಾಣುಗಳ ಬೀಜಗಳು (ನ್ಯೂಕ್ಲಿಯಸ್) ಬೆಸೆದುಕೊಂಡಿದ್ದರ, ಅಂದರೆ ಸಮ್ಮಿಳನದ, ಫಲ. ಇದನ್ನೇ ತಿರುವುಮುರುವು ಮಾಡಿ, ಬೆಳಕು ಹಾಯಿಸಿ ಲೋಹದ ಚೂರಿನೊಳಗೆ ಸಮ್ಮಿಳನ ನಡೆಸಬಹುದೇ ಎಂದು ಕೇಳಿದವರಿದ್ದಾರೆ. ಅವರ ಪ್ರಯೋಗಕ್ಕೆ ಜಾಗ ಕೊಟ್ಟದ್ದು ಬೆಂಗಳೂರಿನ ‘ಕರೆಂಟ್ ಸೈನ್ಸ್’ ಪತ್ರಿಕೆ. ಇದರ ಹಿನ್ನೆಲೆ ಹೀಗೆ: 1989ರ ಮಾರ್ಚ್ 23ರಂದು ಅಮೆರಿಕದ ಯೂಟಾದಲ್ಲಿ ಫ್ಲೈಶ್‌ಮನ್ ಮತ್ತು ಪಾನ್ಸ್, ಭಾರಜಲದಲ್ಲಿಟ್ಟ ಪಲ್ಲಾಡಿಯಂಗೆ ವಿದ್ಯುತ್ ಹರಿಸಿದರೆ ಲೆಕ್ಕ ಮೀರಿದ ಶಾಖ ಹುಟ್ಟುತ್ತದೆ, ಅದು ಸಮ್ಮಿಳನದ್ದು ಎಂದರು; ಇದೇ ‘ಶೀತ ಸಮ್ಮಿಳನ’. ಅದರ ಬೆನ್ನಿಗೇ ಮುಂಬೈಯ ಭಾಭಾ ಪರಮಾಣು ಸಂಶೋಧನಾ ಕೇಂದ್ರದಲ್ಲಿ ಪಿ.ಕೆ. ಅಯ್ಯಂಗಾರ್ ಮುಂದಾಳತ್ವದ ತಂಡಗಳು ನ್ಯೂಟ್ರಾನ್, ಟ್ರಿಟಿಯಂ ಕಂಡವೆಂದು ವರದಿ ಮಾಡಿದವು. ಆದರೆ ಹೆಚ್ಚಿನ ಪ್ರಯೋಗಾಲಯಗಳಲ್ಲಿ ಯೂಟಾದ ಫಲಿತಾಂಶ ಮರುಕಳಿಸಲಿಲ್ಲ. ಆ ಕೇಂದ್ರದವರೇ ಆದ ಎಂ. ಶ್ರೀನಿವಾಸನ್ 2015ರ ಫೆಬ್ರವರಿಯಲ್ಲಿ ಬೆಂಗಳೂರಿನ ಪತ್ರಿಕೆಗೆ ಇದೇ ವಿಷಯದ ವಿಶೇಷ ವಿಭಾಗವನ್ನು ಜೊತೆಗಾರರೊಬ್ಬರೊಂದಿಗೆ ಸಂಪಾದಿಸಿದರು. ಎರಡು ಲೇಸರ್ ಬಿಟ್ಟು ಶಾಖ ಎಬ್ಬಿಸಿದ್ದೇನೆ ಎಂಬ ಡೆನಿಸ್ ಲೆಟ್ಸ್ ಅವರ ಪ್ರಬಂಧ ಅದರಲ್ಲಿತ್ತು.

ಬೆಳಕನ್ನು ಆರಿಸಿಕೊಂಡದ್ದು ಜಾಣತನವೇ. ಬರೀ ವಿದ್ಯುತ್ ಹರಿಸಿದ ಕೋಶದಲ್ಲಿ ಶಾಖ ಯಾವಾಗ ಬಂತು, ಯಾಕೆ ಬಂತು ಎಂದು ಹೇಳಲಾಗದು; ಬೆಳಕನ್ನಾದರೆ ಹಚ್ಚಬಹುದು, ಆರಿಸಬಹುದು, ಅದರ ಆವರ್ತನ ಬದಲಿಸಬಹುದು. ಆದರೆ ಕೆಂಪು ಬೆಳಕಿನ ಒಂದು ಕಣದಲ್ಲಿ ಎರಡು ಎಲೆಕ್ಟ್ರಾನ್‌ವೋಲ್ಟ್‌ಗೂ ಕಡಿಮೆ ಶಕ್ತಿ. ಭಾರಜಲದಲ್ಲಿರುವ ಭಾರ ಹೈಡ್ರೋಜನ್, ಅಂದರೆ ಡ್ಯೂಟೀರಿಯಂನ ಬೀಜ ಒಡೆಯಲು 22 ಲಕ್ಷಕ್ಕೂ ಹೆಚ್ಚು ಬೇಕು. ಲೇಸರ್ ಬೀಜವನ್ನು ಒಡೆಯುವುದಿಲ್ಲ, ಲೋಹದ ಜಾಲರಿಯನ್ನು ನಡುಗಿಸುತ್ತದೆ ಎಂಬುದು ಸಮರ್ಥಕರ ಉತ್ತರ. ಒಪ್ಪೋಣ. ಆದರೂ ಪರಿಚಿತ ಸಮ್ಮಿಳನದಿಂದ ಒಂದು ವಾಟ್ ಶಾಖ ಬಂದರೆ ಜೊತೆಗೆ ಸೆಕೆಂಡಿಗೆ ಲಕ್ಷ ಕೋಟಿಯಷ್ಟು ನ್ಯೂಟ್ರಾನ್ ಹೊರಬೀಳಬೇಕು. ಅಷ್ಟಾದರೆ ಪಕ್ಕದಲ್ಲಿ ನಿಂತವರ ಆರೋಗ್ಯ ಕೆಡುತ್ತದೆ! ಲೋಹದೊಳಗೆ ಬೇರೆಯದೇ ದಾರಿಯಿದೆ, ಅಲ್ಲಿ ನ್ಯೂಟ್ರಾನ್ ಏಳುವುದಿಲ್ಲ ಎನ್ನುವವರು ಆ ದಾರಿಯನ್ನು ಬೇರೆಯಾಗಿ ಸಾಬೀತು ಮಾಡಬೇಕು. ಶಾಖವೊಂದನ್ನೇ ತೋರಿಸಿದರೆ ಸಾಲದು, ಅದು ಅಳತೆಯ ತಪ್ಪಿನಿಂದಲೂ ಬಂದೀತು.

2020ರಲ್ಲಿ ನಾಸಾ ತಂಡ ಆರಿಸಿಕೊಂಡದ್ದು ಕಣ್ಣಿಗೆ ಕಾಣದ, ಪ್ರಖರ ಬೆಳಕು. ಡ್ಯೂಟೀರಿಯಂ ತುಂಬಿದ ಎರ್ಬಿಯಂ ಮೇಲೆ 29 ಲಕ್ಷ ಎಲೆಕ್ಟ್ರಾನ್‌ವೋಲ್ಟ್ ವರೆಗಿನ ಎಕ್ಸ್-ಕಿರಣ ಬಿಟ್ಟಾಗ ಕೆಲವು ಬೀಜ ಒಡೆದು ನ್ಯೂಟ್ರಾನ್ ಹೊರಬಂದವು. ಅವು ಗುದ್ದಿದ ಬೇರೆ ಬೀಜಗಳು ಬೆಸೆದುಕೊಂಡವು. ಸಮ್ಮಿಳನದ ಗುರುತಿನ ನ್ಯೂಟ್ರಾನ್‌ಗಳು ಅಳತೆಗೆ ಸಿಕ್ಕವು. ಇದು ಶೀತ ಸಮ್ಮಿಳನವಲ್ಲ, ಹಾಕಿದಷ್ಟು ಶಕ್ತಿ ಮರಳುವುದೂ ಇಲ್ಲ. ಆದರೂ ಬೆಳಕಿನ ದಾರಿಯಲ್ಲಿ ನಂಬಬಹುದಾದ ಪುರಾವೆ ಕೊಟ್ಟದ್ದು ಲೇಸರ್ ಪ್ರಯೋಗವಲ್ಲ, ಇದು.