ಅಂಕಪಟ್ಟಿಯಲ್ಲಿ ಕಾಣದ ಕೌಶಲಗಳನ್ನು ಅಳೆಯುವುದು ಹೇಗೆ?

ಧಾರವಾಡ ಜಿಲ್ಲೆಯ ಕಲಘಟಗಿ ತಾಲೂಕಿನ ತಂಬೂರಿನಂತಹ ಹಳ್ಳಿಯಿಂದ ಕೆಲಸ ಅರಸಿ ಹುಬ್ಬಳ್ಳಿಗೆ ಬರುವ ಯುವಕನಿಗೆ ಎದುರಾಗುವ ಮೊದಲ ಪ್ರಶ್ನೆ, 'ಎಷ್ಟು ಓದಿದ್ದೀಯಾ?' ಎಸ್ಸೆಸ್ಸೆಲ್ಸಿ ಫೇಲ್ ಎಂದರೆ ಮಾತು ಅಲ್ಲಿಗೇ ಮುಗಿಯುವುದುಂಟು. ನಗರದ ಕೊಳೆಗೇರಿಗಳಲ್ಲಿ ಬೆಳೆದವರ ಪಾಡೂ ಇದೇ. ಆದರೆ ಹೊಲದ ಕೂಲಿ ಲೆಕ್ಕ ನೋಡಿಕೊಂಡವನಿಗೆ, ತಾಯಿಯೊಡನೆ ಸಂತೆಯಲ್ಲಿ ತರಕಾರಿ ಮಾರಿದವಳಿಗೆ ಏನೂ ಬರುವುದಿಲ್ಲ ಎನ್ನಲಾದೀತೇ?

ಒಂದು ಕೆಲಸದಲ್ಲಿ ಕಲಿತು ಇನ್ನೊಂದಕ್ಕೂ ಕೊಂಡೊಯ್ಯಬಹುದಾದ ಗುಣಗಳನ್ನು ಮೂಲ ಕೌಶಲಗಳು ಅಥವಾ ಜೀವನ ಕೌಶಲಗಳು ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯು 1990ರ ದಶಕದಲ್ಲಿ ಇಂತಹ 10 ಕೌಶಲಗಳನ್ನು ಪಟ್ಟಿ ಮಾಡಿತು. ನಿರ್ಧಾರ ಕೈಗೊಳ್ಳುವುದು, ಸಮಸ್ಯೆ ಬಿಡಿಸುವುದು, ಸಂವಹನ, ಸಹಾನುಭೂತಿ, ಒತ್ತಡವನ್ನು ನಿಭಾಯಿಸುವುದು ಇವುಗಳಲ್ಲಿ ಕೆಲವು. ಇವುಗಳನ್ನು ಕಲಿಸುವವರು ಅನೇಕರಿದ್ದಾರೆ. ಆದರೆ ಕಲಿತರೇ ಇಲ್ಲವೇ ಎಂದು ತಿಳಿಯುವುದು ಹೇಗೆ? ಲಿಖಿತ ಪರೀಕ್ಷೆ ಇಟ್ಟರೆ ಓದು-ಬರಹದಲ್ಲಿ ಹಿಂದುಳಿದವರು ಮತ್ತೆ ಸೋಲುತ್ತಾರೆ.

ಈ ಪ್ರಶ್ನೆಗೆ ನಮ್ಮ ರಾಜ್ಯದಲ್ಲೇ ಒಂದು ಉತ್ತರ ದೊರೆತಿದೆ. 1999ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ 'ಡ್ರೀಮ್ ಎ ಡ್ರೀಮ್' ಸಂಸ್ಥೆ ಆಟ ಮತ್ತು ಕಲೆಯ ಮೂಲಕ ಬಡ ಮಕ್ಕಳಿಗೆ ಜೀವನ ಕೌಶಲ ಕಲಿಸುತ್ತಾ ಬಂದಿದೆ. ಮನಃಶಾಸ್ತ್ರಜ್ಞರಾದ ಫಿಯೋನಾ ಕೆನಡಿ ಮತ್ತು ಡೇವಿಡ್ ಪಿಯರ್ಸನ್ ಅವರ ನೆರವಿನಿಂದ ರೂಪುಗೊಂಡ ಇದರ ಮಾಪಕವು, ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ಪರೀಕ್ಷೆಗೊಳಗಾಗಿ 2014ರಲ್ಲಿ ಪ್ರಕಟವಾಯಿತು.

ಮಾಪಕದಲ್ಲಿರುವುದು ಐದೇ ಅಂಶಗಳು: ಇತರರೊಡನೆ ಬೆರೆಯುವುದು, ಕಷ್ಟಗಳನ್ನು ಎದುರಿಸಿ ಸಮಸ್ಯೆ ಬಿಡಿಸುವುದು, ತಾನಾಗಿ ಮುಂದೆ ಬರುವುದು, ಜಗಳ-ಭಿನ್ನಾಭಿಪ್ರಾಯಗಳನ್ನು ನಿಭಾಯಿಸುವುದು, ಸೂಚನೆಗಳನ್ನು ಅರಿತು ಪಾಲಿಸುವುದು. ಮಗುವನ್ನು ಚೆನ್ನಾಗಿ ಬಲ್ಲ ಶಿಕ್ಷಕರು ಗಮನಿಸಿ 1ರಿಂದ 5ರವರೆಗೆ ಅಂಕ ಕೊಡುತ್ತಾರೆ. 1 ಎಂದರೆ ಇನ್ನೂ ಮಾಡುತ್ತಿಲ್ಲ. 2, 3, 4 ಎಂದರೆ ಹೆಚ್ಚು, ಸ್ವಲ್ಪ, ತೀರಾ ಕಡಿಮೆ ಸಹಾಯದಿಂದ ಮಾಡುತ್ತಾರೆ. 5 ಎಂದರೆ ಸ್ವತಂತ್ರವಾಗಿ ಮಾಡುತ್ತಾರೆ.

ಇಲ್ಲಿನ ಮುಖ್ಯ ವಿಷಯವೆಂದರೆ ಪಾಸು-ಫೇಲು ಎಂಬ ಮಾತೇ ಇಲ್ಲ. 'ಈ ಮಗುವಿಗೆ ಎಷ್ಟು ಸಹಾಯ ಬೇಕು?' ಎಂಬುದೇ ಪ್ರಶ್ನೆ. ಉತ್ತರವು ಮಗುವಿನ ಕೊರತೆಯನ್ನಷ್ಟೇ ಅಲ್ಲ, ಕಲಿಸುವವರ ಹೊಣೆಯನ್ನೂ ತೋರಿಸುತ್ತದೆ.

ಕೇಂದ್ರ ಸರಕಾರವು 2015ರಲ್ಲಿ ಆರಂಭಿಸಿದ ಪ್ರಧಾನಮಂತ್ರಿ ಕೌಶಲ್ಯ ವಿಕಾಸ ಯೋಜನೆಯಲ್ಲೂ, ಶಾಲೆಯ ಹೊರಗೆ ದುಡಿಯುತ್ತಾ ಕಲಿತದ್ದನ್ನು ಪರೀಕ್ಷಿಸಿ ಪ್ರಮಾಣಪತ್ರ ನೀಡುವ ವ್ಯವಸ್ಥೆ ಮಾಡಲಾಯಿತು. ಆದರೆ ಅದು ಹೊಲಿಗೆ, ಪ್ಲಂಬಿಂಗ್‌ನಂತಹ ನಿರ್ದಿಷ್ಟ ಕಸುಬುಗಳಿಗೆ ಸಂಬಂಧಿಸಿದ್ದು. ಕಸುಬು ಬದಲಾದಾಗಲೂ ಜೊತೆಗೆ ಬರುವ ಗುಣಗಳಿಗೆ ಬೇರೆಯೇ ನೋಟ ಬೇಕು.

ನಮ್ಮ ಯುವ ಸಂಘಟನೆಗಳಲ್ಲೂ ಸಮಾಜಸೇವಾ ಕೇಂದ್ರಗಳಲ್ಲೂ ಈ ಕ್ರಮದಿಂದ ಕಲಿಯುವುದು ಸಾಕಷ್ಟಿದೆ. ಒಂದೇ ದಿನ ನೋಡಿ ಅಂಕ ಹಾಕಬಾರದು. ಸಂಕೋಚದಿಂದ ಮಾತನಾಡದವರನ್ನು ಆಸಕ್ತಿಯಿಲ್ಲದವರು ಎಂದು ಬರೆದುಬಿಡಬಾರದು. ಒಬ್ಬರನ್ನು ಇನ್ನೊಬ್ಬರೊಡನೆ ಹೋಲಿಸದೆ, ಆರು ತಿಂಗಳ ಹಿಂದಿನ ಅವರೊಡನೆಯೇ ಹೋಲಿಸಬೇಕು. ಬರೆದದ್ದನ್ನು ಆ ಯುವಕ-ಯುವತಿಗೇ ಓದಿ ಹೇಳಬೇಕು. 'ನನಗೆ ಏನೂ ಬರುವುದಿಲ್ಲ' ಎಂದು ನಂಬಿದವರು ತಮಗೆ ಬರುವುದನ್ನು ಹೆಸರಿಟ್ಟು ಹೇಳಲು ಕಲಿತರೆ, ಕೆಲಸ ಕೇಳಲು ಹೋದಾಗ ಅಂಕಪಟ್ಟಿಯ ಆಚೆಗೂ ಅವರಿಗೆ ಹೇಳಲು ಮಾತಿರುತ್ತದೆ.